ಸ್ವಾತಂತ್ರ್ಯ ಹೋರಾಟಗಾರ ಶ್ರೀ ಜೋಕಿಂ ಆಳ್ವ (1907–1979)

ಕರಾವಳಿ ಕರ್ನಾಟಕದಲ್ಲಿ ಜನಿಸಿ, ಮುಂಬಯಿಯನ್ನು ಕಾರ್ಯಕ್ಷೇತ್ರವನ್ನಾಗಿಸಿಕೊಂಡು, ಕ್ರೈಸ್ತ ಸಮುದಾಯವನ್ನು ರಾಷ್ಟ್ರೀಯ ಚಳವಳಿಗೆ ಕರೆತರಲು ಶ್ರಮಿಸಿದ ಕಥೋಲಿಕ ಮುಖಂಡರಲ್ಲಿ ಶ್ರೀ ಜೋಕಿಂ ಆಳ್ವ ಅವರು ಪ್ರಮುಖರು. ಸಾರ್ವಜನಿಕರ ಮಾಹಿತಿಗಾಗಿ ಅವರ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಶ್ರೀಯುತರು 1907ರ ಜನವರಿ 21ರಂದು ಈಗಿನ ಉಡುಪಿ ಜಿಲ್ಲೆಯ ಬೆಳ್ಳೆ ಗ್ರಾಮದಲ್ಲಿ ಜನಿಸಿದರು. ಈ ಪ್ರದೇಶವು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದ ಬಳಿಕ ಮುಂಬಯಿಗೆ ತೆರಳಿ ಕಾನೂನು ಪದವಿ ಪಡೆದು ವಕೀಲರಾದರು.

ಹೋರಾಟದ ಹಾದಿ

ಆಳುವ ಸರ್ಕಾರದ ಧರ್ಮವೂ ಕ್ರೈಸ್ತ ಧರ್ಮವೇ ಆಗಿದ್ದುದರಿಂದ, ಭಾರತೀಯ ಕ್ರೈಸ್ತರು ಆಂಗ್ಲರ ಪಕ್ಷಪಾತಿಗಳೆಂಬ ಸಂಶಯ ಅನೇಕರಲ್ಲಿತ್ತು. ಚಳವಳಿ ಸೇರಿದರೆ ನೌಕರಿಗೂ ಭದ್ರತೆಗೂ ಕುತ್ತು ಬರಬಹುದೆಂಬ ಅಂಜಿಕೆ ಸಮುದಾಯದೊಳಗೂ ಇತ್ತು. ಈ ಸಂಶಯ ಮತ್ತು ಅಂಜಿಕೆ ಎರಡನ್ನೂ ನಿವಾರಿಸುವುದು ಆಳ್ವರ ಮುಖ್ಯ ಕಾರ್ಯವಾಯಿತು.

1928ರಲ್ಲಿ ಪಾರ್ಸಿ ಸಮುದಾಯದ ಕೆ.ಎಫ್. ನರಿಮನ್ ಹಾಗೂ ಮುಸ್ಲಿಂ ಸಮುದಾಯದ ಯೂಸುಫ್ ಮೆಹರಲಿ ಅವರೊಡಗೂಡಿ ಬಾಂಬೆ ಯೂತ್ ಲೀಗ್ ಸಂಘಟಿಸಿದರು. ಈ ಸಂಸ್ಥೆಯು ಸೈಮನ್ ಆಯೋಗದ ವಿರುದ್ಧ ಪ್ರತಿಭಟನೆ ನಡೆಸಿತು. 1937ರಲ್ಲಿ ರಾಷ್ಟ್ರೀಯವಾದಿ ಕ್ರೈಸ್ತ ಪಕ್ಷಕ್ಕೆ ಬುನಾದಿ ಹಾಕಿದರು. ಮುಂಬಯಿಯ ಸಾವಿರಾರು ಕ್ರೈಸ್ತರು ಜವಾಹರಲಾಲ್ ನೆಹರೂ ಅವರನ್ನು ಸ್ವಾಗತಿಸುವಂತೆ ಮಾಡಿದರು. ರಾಜದ್ರೋಹದ ಆರೋಪದ ಮೇಲೆ ಎರಡು ಬಾರಿ ಸೆರೆವಾಸ ಅನುಭವಿಸಿದರು.

1937ರಲ್ಲಿ ಶ್ರೀಮತಿ ವಯಲೆಟ್ ಹರಿ ಅವರನ್ನು ವಿವಾಹವಾದರು. ಪ್ರಾಟೆಸ್ಟಂಟ್ ಪಾದ್ರಿಯ ಪುತ್ರಿಯಾದ ಅವರೂ ವಕೀಲರಾಗಿದ್ದರು. 1943ರಲ್ಲಿ ಅವರು ಬಂಧಿತರಾದಾಗ ಐದು ತಿಂಗಳ ಮಗುವಿನೊಂದಿಗೆ ಆರ್ಥರ್ ರಸ್ತೆಯ ಕಾರಾಗೃಹದಲ್ಲಿದ್ದರು. ಅದೇ ವರ್ಷದ ಆಗಸ್ಟ್ 9ರಂದು, ಕ್ವಿಟ್ ಇಂಡಿಯಾ ಚಳವಳಿಗೆ ಒಂದು ವರ್ಷ ತುಂಬಿದ ದಿನ, ಆಳ್ವರ ‘ಫೋರಂ’ ವಾರಪತ್ರಿಕೆ ಆರಂಭವಾಗಿ ಪೂರ್ಣ ಸ್ವಾತಂತ್ರ್ಯವನ್ನು ಪ್ರತಿಪಾದಿಸಿತು.

ಸಂಸದರಾಗಿ

1949ರಲ್ಲಿ ಮುಂಬಯಿಯ ಶೆರೀಫ್ ಹಾಗೂ 1950ರಲ್ಲಿ ತಾತ್ಕಾಲಿಕ ಸಂಸತ್ತಿನ ಸದಸ್ಯರಾದರು. 1952, 1957 ಮತ್ತು 1962ರ ಚುನಾವಣೆಗಳಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ಆಯ್ಕೆಯಾದರು. ಈ ಜಿಲ್ಲೆಗೆ ಹೊಂದಿಕೊಂಡಿರುವ ಗೋವಾ 1961ರ ಡಿಸೆಂಬರ್ 19ರವರೆಗೂ ಪೋರ್ಚುಗೀಸರ ಅಧೀನದಲ್ಲಿತ್ತು. ಆಳುವವರು ಕಥೋಲಿಕರೇ ಆಗಿದ್ದ ಅಲ್ಲಿಯೂ, 1928ರಲ್ಲಿ ಗೋವಾ ಕಾಂಗ್ರೆಸ್ ಸಮಿತಿಯನ್ನು ಸ್ಥಾಪಿಸಿದ ತ್ರಿಸ್ತಾಂವ್ ಬ್ರಗಾಂಸಾ ಕುನ್ಹಾ ಅವರು ಕಥೋಲಿಕ ಮನೆತನದವರೆಂಬುದು ಇಲ್ಲಿ ಗಮನಾರ್ಹ. ಧರ್ಮ ಒಂದೇ ಆಗಿದ್ದರೂ ಪರರ ಆಳ್ವಿಕೆ ಪರರ ಆಳ್ವಿಕೆಯೇ ಎಂಬುದನ್ನು ಈ ಇಬ್ಬರ ಜೀವನವೂ ತೋರಿಸಿಕೊಟ್ಟಿತು.

1967ರ ಚುನಾವಣೆಯಲ್ಲಿ ಆಳ್ವರು ಶ್ರೀ ದಿನಕರ ದೇಸಾಯಿ ಅವರೆದುರು ಪರಾಭವಗೊಂಡರು. 1968ರಿಂದ 1974ರವರೆಗೆ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿದ್ದರು. 1962ರಿಂದ ರಾಜ್ಯಸಭೆಯ ಉಪಸಭಾಪತಿಗಳಾಗಿದ್ದ ಶ್ರೀಮತಿ ವಯಲೆಟ್ ಆಳ್ವ ಅವರು 1969ರ ನವೆಂಬರ್ 20ರಂದು ನಿಧನರಾದರು.

ಸ್ಮರಣೆ

ಶ್ರೀ ಜೋಕಿಂ ಆಳ್ವ ಅವರು 1979ರ ಜೂನ್ 28ರಂದು ನಿಧನ ಹೊಂದಿದರು. 2008ರಲ್ಲಿ ಭಾರತೀಯ ಅಂಚೆ ಇಲಾಖೆಯು ಈ ದಂಪತಿಗಳ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು. ತಮ್ಮ ಧರ್ಮಶ್ರದ್ಧೆಯನ್ನು ಬಿಡದೆ, ದೇಶದ ಕಾರ್ಯದಿಂದಲೂ ಹಿಂದೆ ಸರಿಯದೆ ಬಾಳಿದ ಅವರ ಜೀವನವನ್ನು ನಾಡಿನ ಎಲ್ಲ ಸಮುದಾಯಗಳ ನಾಗರಿಕರೂ ಸ್ಮರಿಸಬೇಕಾಗಿದೆ.