ಉಕ್ಕಿಗೆ ಹೂಂ, ಸೈನ್ಯಕ್ಕೆ ಊಹೂಂ

ರಾಬರ್ಟ್ ಶೂಮನ್ ಅಂದ್ರೆ ಕೆಲವರಿಗೆ ಪಿಯಾನೋ ಸಂಗೀತಗಾರ ನೆನಪಾಗಬಹುದು. ಅವರು ಬೇರೆ. ನಾವು ಹೇಳ್ತಿರೋದು ಫ್ರಾನ್ಸಿನ ವಿದೇಶಾಂಗ ಮಂತ್ರಿಯಾಗಿದ್ದ ಶೂಮನ್ ಬಗ್ಗೆ.

ಹುಟ್ಟಿದ್ದು 1886ರಲ್ಲಿ, ಲಕ್ಸೆಂಬರ್ಗ್‌ನಲ್ಲಿ. ಅಪ್ಪನ ಊರು ಲೊರೇನ್ ಪ್ರಾಂತ್ಯದ್ದು. 1871ರಲ್ಲಿ ಜರ್ಮನಿ ಆ ಭಾಗವನ್ನು ಕಿತ್ತುಕೊಂಡಿತ್ತು, ಹಾಗಾಗಿ ಮಗನೂ ಜರ್ಮನ್ ಪ್ರಜೆ. ಕಾನೂನು ಓದಿದ್ದು ಜರ್ಮನ್ ಯೂನಿವರ್ಸಿಟಿಗಳಲ್ಲಿ, ವಕೀಲಿಕೆ ಲೊರೇನ್‌ನ ಮೆಟ್ಜ್ ನಗರದಲ್ಲಿ. ಮೊದಲ ಮಹಾಯುದ್ಧ ಮುಗಿದು ಲೊರೇನ್ ಫ್ರಾನ್ಸಿಗೆ ವಾಪಸ್ ಬಂತು. ಶೂಮನ್ ಊರು ಬಿಡಲಿಲ್ಲ, ದೇಶವೇ ಬದಲಾಯ್ತು! 1919ರಲ್ಲಿ ಫ್ರೆಂಚ್ ಸಂಸತ್ತಿಗೆ ಆಯ್ಕೆಯಾದರು. 1940ರಲ್ಲಿ ಮಾರ್ಷಲ್ ಪೆತಾಂಗೆ ಪೂರ್ತಿ ಅಧಿಕಾರ ಕೊಡೋಕೆ ವೋಟ್ ಹಾಕಿದ್ದು ಅವರ ಬದುಕಿನ ಕಪ್ಪುಚುಕ್ಕೆ ಅಂತಲೇ ನಮಗನ್ನಿಸುತ್ತೆ. ಅದೇ ವರ್ಷ ಗೆಸ್ಟಾಪೊ ಅವರನ್ನು ಬಂಧಿಸಿತು, 1942ರಲ್ಲಿ ತಪ್ಪಿಸಿಕೊಂಡರು.

ಈಗ ಮುಖ್ಯ ವಿಷಯ. ಬ್ಲಾಸ್ಟ್ ಫರ್ನೇಸ್‌ಗೆ ಅದಿರು ಮಾತ್ರ ಸಾಲಲ್ಲ, ಕೋಕ್ ಬೇಕು. ಅದಿರು ಲೊರೇನ್‌ನಲ್ಲಿ, ಕೋಕ್‌ಗೆ ಬೇಕಾದ ಒಳ್ಳೆ ಕಲ್ಲಿದ್ದಲು ಜರ್ಮನಿಯ ರೂರ್‌ನಲ್ಲಿ. ಉಕ್ಕಿಲ್ಲದೆ ಫಿರಂಗಿ ಇಲ್ಲ. 1950ರ ಮೇ 9ರಂದು ಶೂಮನ್ ಒಂದು ಯೋಜನೆ ಮುಂದಿಟ್ಟರು: ಎರಡೂ ದೇಶಗಳ ಕಲ್ಲಿದ್ದಲು, ಉಕ್ಕಿನ ಉತ್ಪಾದನೆ ಒಂದೇ ಮೇಲಧಿಕಾರದ ಕೈಗೆ. ಕರಡು ತಯಾರಿಸಿದ್ದು ಜಾಂ ಮೊನೆ ತಂಡ, ಆದರೆ ಸಂಸತ್ತಲ್ಲಿ ಏಟು ತಿನ್ನಬೇಕಾಗಿದ್ದು ಮಂತ್ರಿ.

ಏಟು ಎರಡೂ ಕಡೆಯಿಂದ ಬಿತ್ತು. ದೇಶದ ಸಾರ್ವಭೌಮತ್ವ ಮಾರಿದಂತೆ ಅಂತ ದ ಗಾಲ್ ಪಕ್ಷದವರು, ಇದು ಅಮೆರಿಕದ ಆಟ ಅಂತ ಕಮ್ಯುನಿಸ್ಟರು. ರೂರ್ ಜೊತೆ ಸ್ಪರ್ಧೆ ಮಾಡೋಕಾಗಲ್ಲ ಅಂತ ಉಕ್ಕಿನ ಕಾರ್ಖಾನೆ ಮಾಲೀಕರಿಗೂ ಭಯ. ಶೂಮನ್ ಮೇಲಂತೂ ಜರ್ಮನ್ ಅನ್ನೋ ಚುಚ್ಚುಮಾತು ಮೊದಲಿಂದಲೂ ಇತ್ತು. ಆ ಭಯ ಸುಳ್ಳು ಅಂತ ನಾವು ಹೇಳಲ್ಲ. ಯುದ್ಧ ಮುಗಿದು ಐದಾರು ವರ್ಷ ಅಷ್ಟೇ ಆಗಿತ್ತು. ಆದರೂ 1951ರ ಡಿಸೆಂಬರ್‌ನಲ್ಲಿ ಫ್ರೆಂಚ್ ರಾಷ್ಟ್ರೀಯ ಸಭೆ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು.

ಮುಂದಿನ ಹೆಜ್ಜೆ ಒಟ್ಟು ಯುರೋಪಿನ ಒಂದೇ ಸೈನ್ಯ. ಅದಕ್ಕೂ ಶೂಮನ್ ಸಹಿ ಹಾಕಿದರು, 1952ರಲ್ಲಿ. ಉಕ್ಕು ಹಂಚಿಕೊಳ್ಳೋದು ಬೇರೆ, ಜರ್ಮನ್ ಸೈನಿಕನ ಕೈಗೆ ಮತ್ತೆ ಬಂದೂಕು ಕೊಡೋದು ಬೇರೆ. 1953ರ ಜನವರಿಯಲ್ಲಿ ಅವರ ಮಂತ್ರಿಗಿರಿ ಹೋಯ್ತು. 1954ರ ಆಗಸ್ಟ್ 30ರಂದು ಸಭೆ 319–264 ಮತಗಳಿಂದ ಒಪ್ಪಂದವನ್ನು ಪಕ್ಕಕ್ಕೆ ತಳ್ಳಿತು, ಅದೂ ಪೂರ್ತಿ ಚರ್ಚೆಗೇ ಬಿಡದೆ. ಗೆದ್ದವರು ಎದ್ದು ನಿಂತು ರಾಷ್ಟ್ರಗೀತೆ ಹಾಡಿದರು.

ಶೂಮನ್ ಮದುವೆಯಾಗಲಿಲ್ಲ. 1963ರಲ್ಲಿ ಮೆಟ್ಜ್ ಪಕ್ಕದ ಹಳ್ಳಿಯಲ್ಲಿ ತೀರಿಕೊಂಡರು. ಆ ಮನೆ ಈಗ ಮ್ಯೂಸಿಯಂ. ಒಟ್ಟು ಯುರೋಪಿನ ಸೈನ್ಯ ಇವತ್ತಿಗೂ ಇಲ್ಲ.