ಹೆರ್ಮನ್ ಮೋಗ್ಲಿಂಗ್ ಸಾಹೇಬರೂ ಸಭಾಪಾಲನೆಯೂ

ನಮ್ಮ ಅಡರಕಟ್ಟಿ, ಲಕ್ಷ್ಮೇಶ್ವರಗಳ ಸೀಮೆಗೆ ಸಮೀಪವಾದ ಬೆಟಗೇರಿಯಲ್ಲಿ ಬಾಸೆಲ್ ಮಿಶನ್ 1841ರಲ್ಲಿ ನೆಲೆಗೊಂಡಿತು. ಆ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್ ಸಾಹೇಬರು 1811ರಲ್ಲಿ ಜರ್ಮನಿಯಲ್ಲಿ ಜನಿಸಿ, 1836ರಲ್ಲಿ ಮಂಗಳೂರಿಗೆ ಬಂದರು. 1843ರಲ್ಲಿ ಕನ್ನಡದ ಪ್ರಥಮ ವೃತ್ತಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಹೊರಡಿಸಿದವರು ಇವರೇ ಎಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಸಭೆಯನ್ನು ನಡಿಸುವುದರಲ್ಲಿ ಅವರು ತೋರಿದ ವಿವೇಕವು ಅಷ್ಟು ಪ್ರಸಿದ್ಧವಲ್ಲ.

ಮೋಶೆಯು ಒಬ್ಬನೇ ಕುಳಿತು ಸಮಸ್ತ ಜನರ ನ್ಯಾಯ ತೀರಿಸುತ್ತ ಬಳಲುತ್ತಿರಲು, ಮಾವನಾದ ಇತ್ರೋವನು ಯೋಗ್ಯರನ್ನು ಆರಿಸಿ ಭಾರವನ್ನು ಹಂಚಿಕೊಡುವಂತೆ ಬುದ್ಧಿ ಹೇಳಿದನಷ್ಟೆ. ಪೌಲನೂ, ಇತರರಿಗೆ ಕಲಿಸಬಲ್ಲ ನಂಬಿಗಸ್ತರ ಕೈಗೆ ಬೋಧನೆಯನ್ನು ಒಪ್ಪಿಸಬೇಕೆಂದು ತಿಮೊಥೆಗೆ ಬರೆದನು. ಮೋಗ್ಲಿಂಗರು ಹಿಡಿದದ್ದು ಈ ಮಾರ್ಗವನ್ನೇ. 1844ರಲ್ಲಿ ದೀಕ್ಷಾಸ್ನಾನ ಹೊಂದಿದ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರನ್ನು 1846ರಲ್ಲಿ ತಮ್ಮೊಡನೆ ಯುರೋಪಿಗೆ ಕರೆದೊಯ್ದು, ಬಾಸೆಲಿನ ವಿದ್ಯಾಲಯಕ್ಕೆ ಸೇರಿಸಿದರು. ಕೌಂಡಿನ್ಯರು 1851ರಲ್ಲಿ ಬೋಧಕದೀಕ್ಷೆ ಪಡೆದು, ಮಿಶನರಿಯಾಗಿಯೇ ಸ್ವದೇಶಕ್ಕೆ ಮರಳಿದರು. ದೇಶೀಯರನ್ನು ಉಪದೇಶಕರ ಪದವಿಯಿಂದ ಮೇಲಕ್ಕೇರಿಸಲು ಅನೇಕರು ಹಿಂಜರಿಯುತ್ತಿದ್ದ ಆ ಕಾಲದಲ್ಲಿ ಇದು ಅಲ್ಪ ಸಂಗತಿಯಲ್ಲ.

ಆದರೆ ಸಾಹೇಬರು ನಿರ್ದೋಷಿಗಳೆಂದು ಹೇಳಲಾರೆವು. ಶಿಷ್ಯರಿಗೆ ಕ್ರಮವನ್ನು ಕಲಿಸಿದ ಅವರೇ, 1853ರಲ್ಲಿ ಕೊಡಗಿನ ಕಾರ್ಯವನ್ನು ಬಾಸೆಲಿನ ಕಮಿಟಿಯ ಅಪ್ಪಣೆಗೆ ಕಾಯದೆ ಸ್ವಂತ ಹೊಣೆಯ ಮೇಲೆ ಆರಂಭಿಸಿದರು. ಅಲ್ಲಿಯೂ ಹೊಲೆಯರೆಂದು ದೂರವಿಡಲ್ಪಟ್ಟಿದ್ದವರು ಸಭೆಗೆ ಬಂದಾಗ, ಅವರ ವಸತಿಗೂ ಬೇಸಾಯಕ್ಕೂ ಆಸರೆಯಾಗಿ ನಿಂತವರು ಕೌಂಡಿನ್ಯರು.

ಮೋಗ್ಲಿಂಗರು 1860ರಲ್ಲಿ ಹಿಂದೂಸ್ಥಾನವನ್ನು ಬಿಟ್ಟು, 1881ರಲ್ಲಿ ಎಸ್ಲಿಂಗೆನ್ ಪಟ್ಟಣದಲ್ಲಿ ಕಾಲವಾದರು. ಕೌಂಡಿನ್ಯರು 1893ರಲ್ಲಿ ತೀರಿಕೊಂಡರು. ಕೊಡಗಿನ ಆ ಕ್ರೈಸ್ತ ಗ್ರಾಮಕ್ಕೆ ಬಂದದ್ದು ಗುರುವಿನ ಹೆಸರಲ್ಲ, ಶಿಷ್ಯನದು: ಆನಂದಪುರ.