ವ್ಯಾಕರಣದಲ್ಲಿ ತತ್ತ್ವವನ್ನು ಕಂಡ ಪಾದ್ರಿ: ಅಲೆಕ್ಸಿಸ್ ಕಗಾಮೆ

ಆಫ್ರಿಕಾ ಖಂಡದ ನಡುವೆ ಬೆಟ್ಟಗುಡ್ಡಗಳಿಂದ ತುಂಬಿದ ರುವಾಂಡಾ ಎಂಬ ಪುಟ್ಟ ದೇಶವಿದೆ. ಅದು ಜರ್ಮನರ ಅಧೀನದಲ್ಲಿದ್ದ ಕಾಲದಲ್ಲಿ, 1912ರಲ್ಲಿ, ಅಲೆಕ್ಸಿಸ್ ಕಗಾಮೆಯವರು ಅಲ್ಲಿ ಜನಿಸಿದರು. (1994ರ ತರುವಾಯ ಪ್ರಸಿದ್ಧಿಗೆ ಬಂದ ರಾಜಕಾರಣಿ ಕಗಾಮೆ ಬೇರೆಯವರು.) ಇವರ ವಂಶಸ್ಥರು ರಾಜಾಸ್ಥಾನದ ಚರಿತ್ರೆಯನ್ನು ಕಂಠಸ್ಥವಾಗಿ ಕಾಪಾಡಿಕೊಂಡು ಬಂದವರು. ಬರಹವಿಲ್ಲದ ಆ ನಾಡಿನಲ್ಲಿ ಅರಸರ ಕಥೆಯೂ ಕಾವ್ಯವೂ ಇಂಥ ಮನೆತನಗಳ ನಾಲಗೆಯ ಮೇಲೆಯೇ ಬದುಕಿದ್ದವು.

ಕಬ್ಗಾಯಿಯ ಕ್ರೈಸ್ತ ಗುರುಮಠದಲ್ಲಿ ಓದಿ, 1941ರಲ್ಲಿ ಕಗಾಮೆಯವರು ಗುರುದೀಕ್ಷೆಯನ್ನು ಪಡೆದರು. ಗುರುಮಠದಲ್ಲಿ ಕಲಿತದ್ದು ಲ್ಯಾಟಿನ್ ಭಾಷೆ, ಯುರೋಪಿನ ತತ್ತ್ವಶಾಸ್ತ್ರ. ಕಿವಿ ಮಾತ್ರ ಆಸ್ಥಾನದ ವೃದ್ಧ ಕವಿಗಳ ಕಡೆಗಿದ್ದಿತು. ಅವರು ಹಾಡಿದ ರಾಜಕಾವ್ಯಗಳನ್ನು ಬರೆದಿಟ್ಟುಕೊಂಡರು; 'ಕಿನ್ಯಮತೇಕ' ಪತ್ರಿಕೆಯ ಸಂಪಾದಕರಾದರು; ದೇಶದ ಚರಿತ್ರೆಯನ್ನು ದೇಶಭಾಷೆಯಲ್ಲಿಯೇ ಬರೆದರು. ರುವಾಂಡಾದಲ್ಲಿ ಗೋಸ್ತುತಿ ಎಂಬುದು ಘನವಾದ ಕಾವ್ಯಪ್ರಕಾರ. ಅದೇ ಗಂಭೀರ ಧಾಟಿಯಲ್ಲಿ ಈ ಪಾದ್ರಿಗಳು ಹಂದಿಮಾಂಸವನ್ನು ಹೊಗಳಿ, ಆಲೂಗಡ್ಡೆಗೆ ರುಚಿ ಕೊಡುವುದು ಎಂಬರ್ಥದ ಹೆಸರಿಟ್ಟು, ಹಾಸ್ಯಕಾವ್ಯವೊಂದನ್ನು ರಚಿಸಿದರು! ಪಂಡಿತರ ಜೀವನಕಥೆಗಳಲ್ಲಿ ನಗುವಿಗೆ ಎಡೆ ದೊರೆಯುವುದು ಅಪರೂಪವಾದುದರಿಂದ ಇದನ್ನು ಇಲ್ಲಿ ಹೇಳಿದ್ದಾಯಿತು.

1952ರಲ್ಲಿ ಅವರು ಪ್ರಕಟಿಸಿದ, ರುವಾಂಡಾದ ಪ್ರಾಚೀನ ರಾಜ್ಯವ್ಯವಸ್ಥೆಯನ್ನು ಕುರಿತ ಗ್ರಂಥವು ಆಗ ಆಳುತ್ತಿದ್ದ ಬೆಲ್ಜಿಯನ್ ಅಧಿಕಾರಿಗಳಿಗೆ ಹಿಡಿಸಲಿಲ್ಲ. ಅವರ ಒತ್ತಡಕ್ಕೆ ಮಣಿದು ಬಿಷಪರು ಕಗಾಮೆಯವರನ್ನು ರೋಮಿಗೆ ಕಳುಹಿಸಿದರು. ಹೆಸರಿಗೆ ಉಚ್ಚ ವಿದ್ಯಾಭ್ಯಾಸ, ನಿಜಕ್ಕೆ ಗಡೀಪಾರು. ಆದರೆ ಆ ಗಡೀಪಾರೇ ಅವರನ್ನು ತತ್ತ್ವಜ್ಞಾನಿಯನ್ನಾಗಿ ಮಾಡಿತು. ಗ್ರೆಗೋರಿಯನ್ ವಿಶ್ವವಿದ್ಯಾನಿಲಯದಲ್ಲಿ 1955ರಲ್ಲಿ ಡಾಕ್ಟರೇಟ್ ದೊರೆಯಿತು. ಆ ಪ್ರಬಂಧ 1956ರಲ್ಲಿ ಬ್ರಸೆಲ್ಸಿನಲ್ಲಿ ಅಚ್ಚಾಯಿತು.

ಆಫ್ರಿಕದವರಿಗೆ ತತ್ತ್ವಶಾಸ್ತ್ರವೆಂಬುದೇ ಇಲ್ಲವೆಂದು ಯುರೋಪಿನ ವಿದ್ವಾಂಸರು ಬಹುಕಾಲ ನಂಬಿದ್ದರು. ಕಾಂಗೋದಲ್ಲಿದ್ದ ಬೆಲ್ಜಿಯನ್ ಪಾದ್ರಿ ಟೆಂಪೆಲ್ಸರು 1945ರಲ್ಲಿ ಇದನ್ನು ಅಲ್ಲಗಳೆದು ಪುಸ್ತಕ ಬರೆದಿದ್ದರಾದರೂ ಅದು ಹೊರಗಿನವನ ಕಣ್ಣಿನ ನೋಟ. ಕಗಾಮೆಯವರು ತಮ್ಮ ತಾಯ್ನುಡಿಯನ್ನೇ ಸಾಕ್ಷಿಯಾಗಿ ಕರೆದರು. ಆ ಭಾಷೆಯಲ್ಲಿ 'ನ್ತು' ಎಂಬುದೊಂದು ಧಾತು. ತಾನಾಗಿ ಅದು ನಿಲ್ಲದು. ಮುಂದೆ ಪ್ರತ್ಯಯ ಸೇರಿದರೆ 'ಉಮುನ್ತು', ಬುದ್ಧಿಯುಳ್ಳದ್ದು, ಎಂದರೆ ಮನುಷ್ಯ, 'ಇಕಿನ್ತು', ಬುದ್ಧಿಯಿಲ್ಲದ್ದು, 'ಅಹನ್ತು', ದೇಶಕಾಲ, 'ಉಕುನ್ತು', ಇರುವ ರೀತಿ. ಅರಿಸ್ಟಾಟಲನು ಹೇಳಿದ ಹತ್ತು ಪದಾರ್ಥಗಳು ಈ ನಾಲ್ಕರಲ್ಲಿಯೇ ಅಡಗುತ್ತವೆಂದು ಅವರು ತೋರಿಸಿದರು. ನಮಗಿದು ತೀರ ಅಪರಿಚಿತವಲ್ಲ. ಕನ್ನಡದಲ್ಲಿ ಮನುಷ್ಯನು 'ಅವನು', ಮರವೂ ಹಸುವೂ 'ಅದು'. ಹಿಂದಿಯಲ್ಲಾದರೋ ಕುರ್ಚಿ ಹೆಣ್ಣು, ಮನೆ ಗಂಡು!

ನೀತಿಯ ವಿಷಯದಲ್ಲಿಯೂ ಅವರು ಇದ್ದುದನ್ನು ಇದ್ದಂತೆ ಬರೆದರು. ಸಂತಾನದ ಮೂಲಕ ಕುಲದ ಬಾಳನ್ನು ಮುಂದೆ ಸಾಗಿಸುವುದೇ ಪೂರ್ವಿಕರ ದೃಷ್ಟಿಯಲ್ಲಿ ಮನುಷ್ಯನ ಪರಮಗುರಿಯಾಗಿತ್ತೆಂಬುದನ್ನು ಬ್ರಹ್ಮಚರ್ಯ ವ್ರತದ ಈ ಪಾದ್ರಿಗಳು ಮುಚ್ಚಿಡಲಿಲ್ಲ.

1958ರಲ್ಲಿ ಸ್ವದೇಶಕ್ಕೆ ಹಿಂದಿರುಗಿ ಅಧ್ಯಾಪಕರಾದರು. ಮರುವರ್ಷ ಅರಸ ಮೂರನೆಯ ಮುತಾರ ತೀರಿಕೊಂಡನು, ದಂಗೆಯೆದ್ದಿತು; 1961ರಲ್ಲಿ ಅರಸೊತ್ತಿಗೆ ಅಳಿಯಿತು, 1962ರಲ್ಲಿ ಸ್ವಾತಂತ್ರ್ಯ ಬಂದಿತು. ಆಸ್ಥಾನಕ್ಕೆ ಸೇರಿದವರನೇಕರು ದೇಶ ಬಿಟ್ಟೋಡಿದರೂ ಕಗಾಮೆಯವರು ಅಲ್ಲಿಯೇ ಉಳಿದು, 1963ರಲ್ಲಿ ಬುಟಾರೆಯಲ್ಲಿ ಆರಂಭವಾದ ರಾಷ್ಟ್ರೀಯ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ಅವರ ಚರಿತ್ರೆಯಲ್ಲಿ ಅರಮನೆಯ ದನಿಯೇ ಹೆಚ್ಚು, ಹೊಲದ ಒಕ್ಕಲಿನ ದನಿ ಕಡಿಮೆ ಎಂಬ ಆಕ್ಷೇಪಣೆಯನ್ನು ಅಲ್ಲಗಳೆಯಲಾಗದು.

1976ರಲ್ಲಿ ಅವರು ಬಂಟು ಭಾಷೆಗಳನೇಕವನ್ನು ಹೋಲಿಸಿ ಮತ್ತೊಂದು ದೊಡ್ಡ ಗ್ರಂಥವನ್ನು ಹೊರತಂದರು. ಅದೇ ಕಾಲದಲ್ಲಿ ಬೆನಿನ್ ದೇಶದ ತರುಣ ವಿದ್ವಾಂಸ ಪೌಲಿನ್ ಹೂಂಟೊಂಜಿಯವರು ತೀಕ್ಷ್ಣವಾದ ಟೀಕೆಯನ್ನೆತ್ತಿದರು: ವ್ಯಾಕರಣವು ಜನರೆಲ್ಲರ ಸೊತ್ತು, ತತ್ತ್ವಶಾಸ್ತ್ರವಾದರೋ ಒಬ್ಬೊಬ್ಬ ಚಿಂತಕನು ವಾದಿಸಿ ಕಟ್ಟತಕ್ಕದ್ದು; ಎರಡನ್ನೂ ಒಂದೆನ್ನುವುದು ಹೇಗೆ? ಈ ಪ್ರಶ್ನೆ ಸರಿಯಾದುದೇ. ಆದರೆ ಹಾಗೆ ವಾದಿಸಿ ಕಟ್ಟಿದವರಲ್ಲಿ ಕಗಾಮೆಯವರೂ ಒಬ್ಬರೆಂದು ನಮಗೆ ತೋರುತ್ತದೆ. ಯುನೆಸ್ಕೋ ಸಂಸ್ಥೆಯ ಆಫ್ರಿಕಾ ಚರಿತ್ರೆಯ ಸಮಿತಿಯಲ್ಲಿಯೂ ಅವರು ಸದಸ್ಯರಾಗಿದ್ದರು. 1981ರ ಡಿಸೆಂಬರ್ 2ರಂದು ನೈರೋಬಿಯಲ್ಲಿ ಕಾಲವಾದರು.